ರಿಪೇರಿ ಪಾರ್ಟ್ಸ್ ಎಲ್ಲಿ ತಗೋಬೇಕು: ಊರಿನ ಅಂಗಡಿ, ಹೈದರಾಬಾದ್, ಆನ್‌ಲೈನ್, ಇಲ್ಲಾ ಗುಜರಿ?

ಸಿಂಧನೂರು ಕಡೆ ಒಬ್ಬ ತಮ್ಮ ಮೊನ್ನೆ ಫೋನ್ ಹಚ್ಚಿದ್ದ. ಇನ್ವರ್ಟರ್ ಒಂದು ರಿಪೇರಿಗೆ ಬಂದದ, ಮಾಸ್ಫೆಟ್ (ಕರೆಂಟನ್ನ ಆನ್ ಆಫ್ ಮಾಡೋ ಪವರ್ ಟ್ರಾನ್ಸಿಸ್ಟರ್) ಸುಟ್ಟಿದ್ವು, ಎಂಟೂ ಹೊಸಾವು ಹಾಕಿದ್ನಂತ, ಲೋಡ್ ಕೊಟ್ಟ ಕೂಡ್ಲೇ ಪಟಪಟ ಅಂತ ಹೋದ್ವು, ಡ್ರೈವರ್ ಸೆಕ್ಷನ್ ಎಲ್ಲಾ ಚೆಕ್ ಮಾಡಿ ಮತ್ತ ಎಂಟು ಹಾಕಿದ್ನಂತ, ಅವೂ ಹೋದ್ವು. "ಅಣ್ಣಾ, ತಪ್ಪು ನನ್ನ ಕೈಯಾಗ ಅದನೋ ಪಾರ್ಟ್‌ನಾಗ ಅದನೋ ತಿಳೀವಲ್ದು, ನೀವು ಎಲ್ಲಿ ತಗೋತೀರಿ ಹೇಳ್ರಿ" ಅಂದ. ಇದೇ ಪ್ರಶ್ನೆ ನಂಗ ತಿಂಗಳಿಗೆ ನಾಕು ಮಂದಿ ಕೇಳ್ತಾರ. ರಾಯಚೂರಿನ್ಯಾಗ ತಗೋಳ್ಳಾ, ಹೈದರಾಬಾದ್‌ಗೆ ಹೋಗ್ಲಾ, ಆನ್‌ಲೈನ್ ತರಿಸ್ಲಾ ಅಂತ. ಒಂದೇ ಮಾತಿನ್ಯಾಗ ಹೇಳ್ರಿ ಅಂದ್ರ ನಂಗ ಬರಂಗಿಲ್ಲ, ಯಾಕಂದ್ರ ಯಾವ ಪಾರ್ಟ್, ಯಾತಕ್ಕ, ಯಾರಿಗೆ ಅನ್ನೋದರ ಮ್ಯಾಲ ಉತ್ತರ ಬದಲಾಗ್ತದ. ಅದಕ್ಕ ಇಲ್ಲಿ ಉದ್ದಕ್ಕ ಬರ್ದೀನಿ, ಚಾ ಹಿಡ್ಕೊಂಡು ಕೂತು ಓದ್ರಿ.

ಮೊದಲು ಡುಪ್ಲಿಕೇಟ್ ಅಂದ್ರ ಏನು ಅನ್ನೋದು ಸ್ವಲ್ಪ. ಎಲ್ಲಾ ಡುಪ್ಲಿಕೇಟ್ ಒಂದೇ ತರ ಇರಂಗಿಲ್ಲ. ಒಂದು ಜಾತಿ, ಹಳೇ ಬೋರ್ಡಿಂದ ಬಿಸಿ ಮಾಡಿ ಕಿತ್ತು, ಕಾಲು ತೊಳ್ದು, ಹೊಳಪು ಕೊಟ್ಟು ಹೊಸದು ಅಂತ ಮಾರೋದು. ಇನ್ನೊಂದು, ಸಣ್ಣ ತಾಕತ್ತಿನ ಪಾರ್ಟ್ ತಗೊಂಡು ಮ್ಯಾಲಿನ ನಂಬರ್ ಉಜ್ಜಿ ತೆಗ್ದು, ಕರೀ ಬಣ್ಣ ಬಳ್ದು, ದೊಡ್ಡ ನಂಬರ್ ಹೊಡ್ದು ಮಾರೋದು. ಮೂರನೇದು, ಒಳಗ ಸಣ್ಣ ಚಿಪ್ ಇಟ್ಟು ಫ್ಯಾಕ್ಟರ್ಯಾಗೇ ದೊಡ್ಡ ಕಂಪನಿ ಹೆಸರು ಹಾಕಿ ತಯಾರು ಮಾಡೋದು. ಇದು ನಮ್ಮಂಥ ಸಣ್ಣ ರಿಪೇರಿಯವರಿಗೆ ಮಾತ್ರ ಬಂದ ಕಷ್ಟ ಅಂತ ತಿಳ್ಕೋಬ್ಯಾಡ್ರಿ. 2012ರಾಗ ಅಮೆರಿಕದ ಸೆನೆಟ್ ಕಮಿಟಿ ಕೊಟ್ಟ ವರದಿ ಪ್ರಕಾರ ಅವರ ಸೈನ್ಯಕ್ಕ ಹೋಗೋ ಸಾಮಾನಿನ್ಯಾಗೇ ಸುಮಾರು 1,800 ಪ್ರಕರಣ, 10 ಲಕ್ಷಕ್ಕಿಂತ ಜಾಸ್ತಿ ಅನುಮಾನದ ಪಾರ್ಟ್ ಸಿಕ್ಕಾವ. ವಿಮಾನದಾಗೇ ಹಂಗ ಅಂದ ಮ್ಯಾಲ ನಮ್ಮ ಇನ್ವರ್ಟರ್ ಯಾವ ಲೆಕ್ಕ.

ಆದ್ರ ಇಲ್ಲೊಂದು ಮಾತು ಅದ, ನಾನು ಎಲ್ಲಾ ಕಡೆ ಇದನ್ನೇ ನೋಡ್ತೀನಿ. ಅಗ್ಗದ ಮಾಲು ಬ್ಯಾರೆ, ಸುಳ್ಳು ಮಾಲು ಬ್ಯಾರೆ. ಚೈನಾ ಕಂಪನಿ ತನ್ನ ಹೆಸರು ತಾನೇ ಹಾಕ್ಕೊಂಡು ಮಾಡಿದ ಅಗ್ಗದ ಪಾರ್ಟ್ ನಕಲಿ ಅಲ್ಲ. ಗುಜರಿ ಅಂತ ಹೇಳೇ ಕೊಟ್ಟ ಗುಜರಿ ಪಾರ್ಟ್ ಕೂಡ ನಕಲಿ ಅಲ್ಲ. ಉದಾಹರಣೆಗೆ ಕಂಪ್ಯೂಟರ್‌ಗೆ ಬೋರ್ಡ್ ಜೋಡಿಸೋ ಯುಎಸ್‌ಬಿ ಸೀರಿಯಲ್ ಕೇಬಲ್ ನೋಡ್ರಿ. ಸಿಎಚ್340 ಅನ್ನೋ ಚೈನಾ ಐಸಿ ಇರೋ ಕೇಬಲ್ ಅಗ್ಗ, ಕೆಲಸ ಮಾಡ್ತದ, ನಾನು ಯಾರಂತ ಸುಳ್ಳು ಹೇಳಂಗಿಲ್ಲ. ಎಫ್‌ಟಿಡಿಐ ಕಂಪನಿ ಹೆಸರು ಕದ್ದು ಮಾಡಿದ ಐಸಿ ಹಾಕಿದ ಕೇಬಲ್‌ಗಳು ಇದ್ವಲ್ಲ, 2014ರ ಅಕ್ಟೋಬರ್‌ನಾಗ ಆ ಕಂಪನಿ ವಿಂಡೋಸ್ ಡ್ರೈವರ್ ಅಪ್‌ಡೇಟ್ ಬಿಟ್ಟಾಗ ನಕಲಿ ಐಸಿಗಳ ಒಳಗಿನ ಐಡಿ ನಂಬರೇ ಸೊನ್ನೆ ಆಗಿ ಕೇಬಲ್‌ಗಳು ಸತ್ತು ಕೂತ್ವು. ತಗೊಂಡವರಿಗೆ ಅದು ನಕಲಿ ಅನ್ನೋದೇ ಗೊತ್ತಿರಲಿಲ್ಲ ಪಾಪ. ರೊಕ್ಕ ಕಮ್ಮಿ ಇದ್ರ ತನ್ನ ಹೆಸರು ಹೇಳೋ ಅಗ್ಗದ ಪಾರ್ಟ್ ತಗೋರಿ, ಇನ್ನೊಬ್ಬರ ಹೆಸರು ಹೇಳೋ ಅಗ್ಗದ ಪಾರ್ಟ್ ಬ್ಯಾಡ.

ಅಂಗಡಿ ಆರಿಸೋಕಿಂತ ಮೊದಲು

ನಾನು ಕೇಳ್ಕೊಳ್ಳೋ ಮೊದಲನೇ ಪ್ರಶ್ನೆ: ಈ ಪಾರ್ಟ್ ಕೈ ಕೊಟ್ರ ಏನಾಗ್ತದ? ಮೂರು ದರ್ಜೆ ಮಾಡ್ಕೊಂಡೀನಿ. ಜೀವಕ್ಕ ಸಂಬಂಧ ಇರೋವು: ಫ್ಯೂಸ್, ಇಸ್ತ್ರಿ ಪೆಟ್ಟಿಗೆ ಮತ್ತ ರೈಸ್ ಕುಕ್ಕರ್‌ನಾಗಿನ ಥರ್ಮಲ್ ಫ್ಯೂಸ್, ಕರೆಂಟ್ ಬರೋ ಬಾಗಲದಾಗ ಇರೋ ಎಕ್ಸ್2 ಮತ್ತ ವೈ ಕೆಪಾಸಿಟರ್, ಮೇನ್ಸ್ ಕಡೆಯಿಂದ ಈ ಕಡೀನ ಬ್ಯಾರೆ ಇಡೋ ಆಪ್ಟೋಕಪ್ಲರ್, ಲಿಥಿಯಂ ಸೆಲ್. ವೈ ಕೆಪಾಸಿಟರ್ ಶಾರ್ಟ್ ಆದ್ರ ಮೇನ್ಸ್ ಕರೆಂಟ್ ಸೀದಾ ಬಾಡಿಗೆ ಬರ್ತದ, ಮುಟ್ಟಿದವರ ಗತಿ ನೀವೇ ಯೋಚ್ನೆ ಮಾಡ್ರಿ. ಎರಡನೇ ದರ್ಜೆ, ತಾನು ಸಾಯೋದಲ್ದ ಸುತ್ತಲಿನ ಹತ್ತು ಪಾರ್ಟನ್ನೂ ಕರ್ಕೊಂಡು ಹೋಗೋವು: ಇನ್ವರ್ಟರ್ ಮಾಸ್ಫೆಟ್, ಇಂಡಕ್ಷನ್ ಒಲೆಯ ಐಜಿಬಿಟಿ, ಆಂಪ್ಲಿಫಯರ್ ಔಟ್‌ಪುಟ್ ಟ್ರಾನ್ಸಿಸ್ಟರ್, 400 ವೋಲ್ಟಿನ ದೊಡ್ಡ ಕೆಪಾಸಿಟರ್. ಮೂರನೇದು ಎಲ್‌ಇಡಿ, ಸಣ್ಣ ರೆಸಿಸ್ಟರ್, ಕನೆಕ್ಟರ್, ಸ್ವಿಚ್, ರಿಮೋಟ್ ಬಟನ್, ಹೋದ್ರ ಹೋಯ್ತು, ಇನ್ನೊಂದು ಹಾಕಿದ್ರಾಯ್ತು.

ಎರಡನೇ ಪ್ರಶ್ನೆ: ಇದನ್ನ ನನ್ನ ಟೇಬಲ್ ಮ್ಯಾಲ ಪರೀಕ್ಷೆ ಮಾಡಾಕ ಬರ್ತದಾ? ಬರ್ತದ ಅಂದ್ರ ಅನುಮಾನದ ಕಡಿಂದ ತಗೊಂಡ್ರೂ ನಡೀತದ, ಹಾಕೋಕಿಂತ ಮೊದಲು ಜರಡಿ ಹಿಡಿಬಹುದು. ಫ್ಯೂಸ್ ಹಂಗಲ್ಲ, ಪರೀಕ್ಷೆ ಮಾಡಿದ್ರ ಅದೇ ಹೋಗ್ತದ. ಮೂರನೇದು ಟೈಮು. ಔಷಧ ಹೊಡೆಯೋ ಸೀಸನ್‌ನಾಗ ರೈತರ ಬ್ಯಾಟರಿ ಪಂಪ್ ಐದು ದಿನ ನಿಂದ್ರಿಸ್ತೀನಿ ಅಂದ್ರ ಅವರು ಬ್ಯಾರೆ ಅಂಗಡಿಗೆ ಹೋಗ್ತಾರ. ನಾಕನೇದು ಬಿಲ್ಲು, ವಾಪಸ್. ರೇಟನ್ನ ನಾನು ಕಡೀಗೆ ನೋಡ್ತೀನಿ, ಅದೂ ಪಾರ್ಟಿನ ರೇಟ್ ಅಲ್ಲ, ಪಾರ್ಟ್ ಮತ್ತ ಎರಡನೇ ಸಲ ಬಿಚ್ಚೋ ಕೂಲಿ ಎರಡೂ ಕೂಡಿಸಿದ ರೇಟು.

ಊರಿನ ಅಂಗಡಿ

ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತ ಓಡಾಡಿದ್ರ ಅರ್ಧ ತಾಸಿನ್ಯಾಗ ಪಾರ್ಟ್ ಕೈಗೆ ಬರ್ತದ. ಉಧಾರಿ ಕೊಡ್ತಾರ, ಒಂದೇ ಪೀಸ್ ಬೇಕಂದ್ರೂ ಕೊಡ್ತಾರ, ಮುಖ ನೋಡಿ ವಾಪಸ್ಸೂ ತಗೋತಾರ. ಇದನ್ನೆಲ್ಲಾ ಕಮ್ಮಿ ಅನ್ಬ್ಯಾಡ್ರಿ. ತೊಂದ್ರಿ ಏನಂದ್ರ ಅಂಗಡಿಯವರಿಗೂ ತಮ್ಮ ಮಾಲು ಎಲ್ಲಿಂದ ಹುಟ್ಟಿ ಬಂತು ಅನ್ನೋದು ಗೊತ್ತಿರಂಗಿಲ್ಲ. ಅವರು ಹೈದರಾಬಾದ್ ಹೋಲ್‌ಸೇಲ್‌ನಿಂದ ತರ್ತಾರ, ಅವರು ಮುಂಬೈಯಿಂದೋ ದಿಲ್ಲಿಯಿಂದೋ, ಅದಕ್ಕಿಂತ ಹಿಂದ ದೇವರಿಗೇ ಗೊತ್ತು. ಅಂಗಡಿಯವರ ಮ್ಯಾಲ ಸಿಟ್ಟಾದ್ರ ಪ್ರಯೋಜನ ಇಲ್ಲ. "ಇದು ಡುಪ್ಲಿಕೇಟ್ ಅದ ನೋಡ್ರಿ, ಒರಿಜಿನಲ್ ಇಲ್ಲ" ಅಂತ ಮೊದಲೇ ಹೇಳೋ ಅಂಗಡಿ ಸಿಕ್ರ ಅವರನ್ನ ಬಿಡಬ್ಯಾಡ್ರಿ.

ಇಲ್ಲಿಂದ ತಗೊಂಡಿದ್ದನ್ನ ಜರಡಿ ಹಿಡಿಯೋದು ಹೆಂಗ? ಇನ್ವರ್ಟರ್ ಕೆಲಸದಾಗ ಐಆರ್‌ಎಫ್3205 ಮಾಸ್ಫೆಟ್ ಭಾಳ ಓಡ್ತದ, ಅದಕ್ಕ ಅದನ್ನೇ ಹಿಡೀರಿ. ಡೇಟಾಶೀಟ್ (ತಯಾರಕರು ಕೊಡೋ ಅಳತೆ ಪಟ್ಟಿ) ಪ್ರಕಾರ ಅದು 55 ವೋಲ್ಟಿನದು, ಪೂರ್ತಿ ಆನ್ ಆದಾಗ ಒಳಗಿನ ರೆಸಿಸ್ಟೆನ್ಸ್ ಹೆಚ್ಚಂದ್ರ 8 ಮಿಲಿಓಮ್. ಅದೇ ಮುಖದ, ಅದೇ 55 ವೋಲ್ಟಿನ ಝಡ್44ಎನ್ ಅಗ್ಗದ ಪಾರ್ಟು, ಅದರದು 17.5 ಮಿಲಿಓಮ್. ಝಡ್44ರ ಮ್ಯಾಲ 3205 ಅಂತ ನಂಬರ್ ಹೊಡೆದ್ರ ಮಲ್ಟಿಮೀಟರ್ ಡಯೋಡ್ ಟೆಸ್ಟ್‌ನಾಗ ಎರಡೂ ಒಂದೇ ತರ ಕಾಣ್ತಾವ. ಅದಕ್ಕ ಗಾಡಿಯ ಹೆಡ್‌ಲೈಟ್ ಬಲ್ಬ್ ತಗೋರಿ, 55 ವ್ಯಾಟಿನದು. ಮಾಸ್ಫೆಟ್‌ನ ನಂಬರ್ ಬರ್ದ ಮುಖ ನಿಮ್ಮ ಕಡೆ, ಕಾಲು ಕೆಳಗ ಇರ್ಲಿ. 12 ವೋಲ್ಟ್ ಬ್ಯಾಟರಿ ಪ್ಲಸ್‌ನಿಂದ ಬಲ್ಬ್, ಬಲ್ಬ್‌ನಿಂದ ಮಾಸ್ಫೆಟ್‌ನ ನಡುವಿನ ಕಾಲು, ಬಲಗಡೆ ಕಾಲು ಬ್ಯಾಟರಿ ಮೈನಸ್‌ಗೆ, ಎಡಗಡೆ ಕಾಲು (ಗೇಟ್) ಒಂದು ಕೆ, ಅಂದ್ರ 1000 ಓಮ್ ರೆಸಿಸ್ಟರ್ ಮೂಲಕ ಪ್ಲಸ್‌ಗೆ. ಬಲ್ಬ್ ಉರೀತದ, ಸುಮಾರು ನಾಕೂವರೆ ಆಂಪ್ಸ್ ಹರೀತದ. ಈಗ ನಡುವಿನ ಕಾಲು ಮತ್ತ ಬಲಗಡೆ ಕಾಲಿನ ಬುಡಕ್ಕೇ ಮೀಟರ್ ಹಿಡಿದು ಮಿಲಿವೋಲ್ಟ್ ನೋಡ್ರಿ, ವೈರಿಗೆ ಹಿಡಿದ್ರ ವೈರಿನ ಡ್ರಾಪೂ ಸೇರ್ತದ. ಅಸಲಿ 3205 ಇದ್ರ 36ರ ಆಸುಪಾಸು ಇಲ್ಲಾ ಅದಕ್ಕಿಂತ ಕಮ್ಮಿ ಬರ್ಬೇಕು. 80, 90 ಬಂತಂದ್ರ ಒಳಗ ಇರೋದು ಬ್ಯಾರೆ ಯಾರೋ. ಖರ್ಚಿಲ್ಲದ ಪರೀಕ್ಷೆ ಇದು, ಒಂದು ಪೀಸ್‌ಗೆ ಅರ್ಧ ನಿಮಿಷ, ನಾನಂತೂ ಇದನ್ನ ಮಾಡದ ಇನ್ವರ್ಟರ್‌ನಾಗ ಒಂದೂ ಹಾಕಂಗಿಲ್ಲ.

ಟ್ರಾನ್ಸಿಸ್ಟರ್ ಟೆಸ್ಟರ್ ಅಂತ ಸಣ್ಣ ಡಿಸ್‌ಪ್ಲೇ ಇರೋ ಮಷಿನ್ ಸಿಗ್ತದ, ಅದಿದ್ರ ಇನ್ನೂ ಬೇಗ. ಅದು ಗೇಟ್ ಕೆಪಾಸಿಟನ್ಸ್ ತೋರಿಸ್ತದ. ಡೇಟಾಶೀಟ್‌ನಾಗ 3205ಕ್ಕ 3247 ಪಿಕೋಫ್ಯಾರಡ್ ಅದ, ಝಡ್44ಕ್ಕ 1470. ಡೇಟಾಶೀಟ್ ಅಳತೆ 25 ವೋಲ್ಟಿನ್ಯಾಗ ಮಾಡಿದ್ದು, ನಮ್ಮ ಟೆಸ್ಟರ್ ಭಾಳ ಕಮ್ಮಿ ವೋಲ್ಟೇಜ್‌ನಾಗ ಅಳೀತದ, ಅದಕ್ಕ ಅಸಲಿ ಪಾರ್ಟ್ ಡೇಟಾಶೀಟಿಗಿಂತ ಜಾಸ್ತೀನೇ ತೋರಿಸಬೇಕು. ಕಮ್ಮಿ ತೋರಿಸ್ತಂದ್ರ ಒಳಗಿನ ಚಿಪ್ಪೇ ಸಣ್ಣದು.

ಬಣ್ಣ ಬಳ್ದದ್ದನ್ನ ಹಿಡಿಯಾಕ ಅಸಿಟೋನ್ ಸಾಕು, ಅಸಿಟೋನ್ ಇರೋ ನೇಲ್ ಪಾಲಿಶ್ ರಿಮೂವರ್ ಆದ್ರೂ ನಡೀತದ. ಹತ್ತೀನ ಅದರಾಗ ಅದ್ದಿ ಐಸಿ ಮ್ಯಾಲ ಒರೆಸ್ರಿ. ಬರೇ ಅಕ್ಷರ ಅಳಿಸಿದ್ರ ಗಾಬರಿ ಬ್ಯಾಡ, ಇಂಕಿನ ಪ್ರಿಂಟ್ ಇರೋ ಒಳ್ಳೇ ಐಸಿನೂ ಇರ್ತಾವ. ಹತ್ತಿಗೆ ಕರೀ ಬಣ್ಣ ಹತ್ತಿ ಕೆಳಗ ಉಜ್ಜಿದ ಗೀರು ಕಂಡ್ರ ಮಾತ್ರ ಅದು ಪಕ್ಕಾ ಕಳ್ಳ ಮಾಲು. ಮೂಲ್ಯಾಗ ಇರೋ ಸಣ್ಣ ಗುಂಡು ತಗ್ಗು ನೋಡ್ರಿ, ಅಸಲಿದರಾಗ ಅದು ಚೊಕ್ಕ ಇರ್ತದ, ಬಣ್ಣ ಬಳ್ದದ್ರಾಗ ತುಂಬಿಕೊಂಡಿರ್ತದ.

ಮತ್ತ ತಾರೀಖು. ಸುಮಾರು ಪಾರ್ಟ್ ಮ್ಯಾಲ ನಾಕು ಅಂಕಿ ಇರ್ತದ, ಮೊದಲೆರಡು ವರ್ಷ, ಕಡೀ ಎರಡು ವಾರ, ಅಂದ್ರ 1934 ಅಂದ್ರ 2019ರ 34ನೇ ವಾರ. ಈಗ ಕಂಪನಿ ಚರಿತ್ರೆ ಸ್ವಲ್ಪ ಗೊತ್ತಿದ್ರ ಸುಳ್ಳು ತಾನೇ ಬಾಯಿ ಬಿಡ್ತದ. ಮೋಟೊರೊಲಾ ತನ್ನ ಡಯೋಡ್ ಟ್ರಾನ್ಸಿಸ್ಟರ್ ಧಂದೆ 1999ರಾಗೇ ಆನ್ ಸೆಮಿಕಂಡಕ್ಟರ್ ಅಂತ ಬ್ಯಾರೆ ಮಾಡ್ತು. ನ್ಯಾಷನಲ್ ಸೆಮಿಕಂಡಕ್ಟರ್ 2011ರಾಗ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಪಾಲಾತು. ಫೇರ್‌ಚೈಲ್ಡ್ 2016ರಾಗ ಆನ್‌ಗೆ ಹೋತು. ಮೋಟೊರೊಲಾ ಗುರುತಿನ ಪವರ್ ಟ್ರಾನ್ಸಿಸ್ಟರ್ ಮ್ಯಾಲ 2018ರ ತಾರೀಖು ಇದ್ರ ಆ ಪುಣ್ಯಾತ್ಮ ಯಾವ ಫ್ಯಾಕ್ಟರ್ಯಾಗ ಹುಟ್ಟಿದ್ದು? ಕಂಪನಿ ಮಾರಾಟ ಆದ ಮ್ಯಾಲೂ ಒಂದೆರಡು ವರ್ಷ ಹಳೇ ಗುರುತು ನಡೀತದ, ಅಷ್ಟು ಬಿಟ್ಟು ಲೆಕ್ಕ ಹಾಕ್ರಿ.

ಹೈದರಾಬಾದ್ ಇಲ್ಲಾ ಬೆಂಗಳೂರು

ರಾಯಚೂರಿನವರಿಗೆ ಹೈದರಾಬಾದ್ ಸುಮಾರು 200 ಕಿಲೋಮೀಟರ್, ಬೆಂಗಳೂರು ಅದರ ಎರಡು ಪಟ್ಟು. ಅದಕ್ಕ ನಮಗ ಬೆಂಗಳೂರಿನ ಎಸ್‌ಪಿ ರೋಡ್‌ಗಿಂತ ಹೈದರಾಬಾದ್‌ನ ಕೋಠಿನೇ ಹತ್ರ, ಬಳ್ಳಾರಿ ಕಡೆಯವರು ಬೇಕಾದ್ರ ಬೆಂಗಳೂರು ನೋಡ್ಲಿ. ಕೋಠಿಯ ಗುಜರಾತಿ ಗಲ್ಲ್ಯಾಗ ಕಾಲಿಟ್ರ ಪಾರ್ಟ್ಸ್ ಸಮುದ್ರ. ಅಲ್ಲಿಯ ಒಂದು ಒಳ್ಳೇ ಗುಣ ಏನಂದ್ರ ಸೀದಾ ಕೇಳ್ತಾರ: "ಅಸಲಿ ಹೋನಾ ಕಿ ಚಲ್ತಾ ಮಾಲ್ ಹೋನಾ?" (ಅಸಲಿ ಬೇಕೋ, ನಡೆಯೋ ಮಾಲು ಬೇಕೋ?) ಎರಡಕ್ಕೂ ರೇಟ್ ಬ್ಯಾರೆ, ಡಬ್ಬಿ ಬ್ಯಾರೆ. ಆದ್ರ ಅಸಲಿ ಅಂತ ಕೊಟ್ಟಿದ್ದೂ ಎಲ್ಲಾ ಸಲ ಅಸಲಿ ಇರಂಗಿಲ್ಲ, ಅದನ್ನ ನಾನು ರೊಕ್ಕ ಕೊಟ್ಟು ಕಲ್ತೀನಿ.

ಒಂದು ಮದಿವಿ ಸೀಸನ್‌ನಾಗ ಡಿಜೆಯವರ ಆಂಪ್ಲಿಫಯರ್ ಬಂತು, ಔಟ್‌ಪುಟ್‌ನಾಗ 2ಎಸ್‌ಸಿ5200, 2ಎಸ್‌ಎ1943 ಜೋಡಿಗಳು. ಅಸಲಿ ಅಂದ್ರ ಒಂದೊಂದು 230 ವೋಲ್ಟ್, 15 ಆಂಪ್ಸ್, 150 ವ್ಯಾಟ್ ತಡೀಬೇಕು. ಪ್ಲಾಸ್ಟಿಕ್ ಕವರ್ ಸಮೇತ, ತೋಷಿಬಾ ಅಂತ ಚಂದ ಪ್ರಿಂಟ್ ಇದ್ದ ಮಾಲು ತಂದೆ, ಹಾಕ್ದೆ, ಅಂಗಡ್ಯಾಗ ಸಣ್ಣ ಸ್ಪೀಕರ್‌ಗೆ ಎರಡು ತಾಸು ಚಲೋ ಹಾಡ್ತು, ಕೊಟ್ಟು ಕಳಿಸ್ದೆ. ಮೆರವಣಿಗ್ಯಾಗ ಫುಲ್ ವಾಲ್ಯೂಮ್ ಇಟ್ಟು ಹತ್ತು ನಿಮಿಷಕ್ಕ ಹೊಗೆ, ಜೊತೆಗೆ ಅವರ ಎರಡು ಬಾಸ್ ಸ್ಪೀಕರ್ ಕಾಯಿಲ್. ಮದಿವಿ ಮಂದಿ ಎದುರಿಗೆ ಆ ಡಿಜೆ ಹುಡುಗನಿಗೆ ಆದ ಮರ್ಯಾದಿ ಬ್ಯಾಡ. ಮರುದಿನ ಒಂದು ಟ್ರಾನ್ಸಿಸ್ಟರ್ ಇಕ್ಕಳದಾಗ ಹಿಡ್ದು ಸುತ್ತಿಗೀಲೆ ಒಡ್ದು ನೋಡ್ದೆ, ಒಳಗ ಚಿಪ್ ಜೋಳದ ಕಾಳಿನಷ್ಟೂ ಇಲ್ಲ. ಅಸಲಿದರಾಗ ಕಿರುಬೆರಳಿನ ಉಗುರಿನ ಅರ್ಧದಷ್ಟಾದ್ರೂ ಇರ್ತದ. ಅವತ್ತಿಂದ ನಾನು ಹತ್ತು ಪೀಸ್ ಬೇಕಂದ್ರ ಹನ್ನೊಂದು ತಗೋತೀನಿ, ಒಂದನ್ನ ಒಡೆಯಾಕ.

ಅದರಿಂದ ಕಲ್ತ ಇನ್ನೊಂದು ಪಾಠ ಅಂದ್ರ ನಂಬರ್ ಬದಲಾಯಿಸೋದು. ನಕಲಿ ಮಾಡೋವ್ರು ಎಲ್ಲಾರೂ ಕೇಳೋ ನಂಬರ್ರು, ಇಲ್ಲಾ ಕಂಪನಿ ಮಾಡೋದು ಬಿಟ್ಟು ಸಿಗದಂಗಾದ ನಂಬರ್ರು, ಈ ಎರಡನ್ನೇ ಮಾಡ್ತಾರ. ಹಳೇ ಸ್ಯಾನ್ಯೋ ಎಸ್‌ಟಿಕೆ ಐಸಿಗಳ ಕಥೆ ಅದೇ, ಹೊಸದು ಅಂತ ಸಿಗೋದರ ಮ್ಯಾಲ ನಂಗ ಒಂದು ಪೈಸೆ ನಂಬಿಕೆ ಇಲ್ಲ. 5200, 1943ಕ್ಕ ಬದಲಿ ತೋಷಿಬಾದ್ದೇ ಟಿಟಿಸಿ5200, ಟಿಟಿಎ1943 ಅವ. ಸಾದಾ ಟ್ರಾನ್ಸಿಸ್ಟರ್‌ಗಳಿಗೆ ನಮ್ಮ ದೇಶದ್ದೇ ಸಿಡಿಐಎಲ್ ಕಂಪನಿ ಅದ, ಮೊಹಾಲ್ಯಾಗ ಫ್ಯಾಕ್ಟರಿ, ಆ ಹೆಸರು ಕದಿಯಾಕ ಯಾರಿಗೂ ಅಷ್ಟು ಆಸೆ ಇಲ್ಲ ಅನಿಸ್ತದ ನಂಗ. ಈಕ್ವಿವಲೆಂಟ್ ನೋಡೋ ಅಭ್ಯಾಸ ಮಾಡ್ಕೋರಿ, ವೋಲ್ಟು, ಆಂಪ್ಸು, ವ್ಯಾಟು, ಕಾಲಿನ ಕ್ರಮ ನಾಕೂ ಹೊಂದಿದ್ರ ಅರ್ಧ ತಲಿನೋವು ಕಮ್ಮಿ ಆಗ್ತದ.

ಹೈದರಾಬಾದ್ ಪ್ರಯಾಣ ಒಂದು ಕೆಲಸಕ್ಕ ಲಾಭ ಇಲ್ಲ. ರೈಲು, ಊಟ, ಒಂದು ದಿನದ ಕೂಲಿ ಎಲ್ಲಾ ಸೇರಿಸ್ರಿ. ತಿಂಗಳಿಗೆ ಒಂದು ಸಲ ಪಟ್ಟಿ ಮಾಡ್ಕೊಂಡು ಹೋಗೋ ಅಂಗಡಿಯವರಿಗೆ ಚಲೋ, ಅದೂ ಕನೆಕ್ಟರ್, ಟ್ರಾನ್ಸ್‌ಫಾರ್ಮರ್, ಹೀಟ್ ಸಿಂಕ್, ಕ್ಯಾಬಿನೆಟ್, ಟಿವಿ ಬ್ಯಾಕ್‌ಲೈಟ್ ಪಟ್ಟಿ ಇಂಥವಕ್ಕ. ಕೈಲೆ ಮುಟ್ಟಿ ನೋಡಿ ತಗೋಳ್ಳೋ ಸಾಮಾನಿಗೆ ಮಾರ್ಕೆಟ್ಟೇ ಬೇಕು.

ಆನ್‌ಲೈನ್: ಎಲ್ಲಾ ಒಂದೇ ಅಲ್ಲ

ಆನ್‌ಲೈನ್ ಅಂದ ಕೂಡ್ಲೇ ಮಂದಿ ಸೀರೆ, ಚಪ್ಪಲಿ ಮಾರೋ ದೊಡ್ಡ ಆ್ಯಪ್ ತೆಗೀತಾರ. ಅಲ್ಲಿ ಮಾರೋರು ನೂರಾರು ಮಂದಿ, ಫೋಟೋ ಒಂದು, ಮಾಲು ಇನ್ನೊಂದು. ವಾಪಸ್ ಮಾಡೋದು ಸಲೀಸು, ಅದೊಂದೇ ಲಾಭ. ಸೋಲ್ಡರಿಂಗ್ ಐರನ್, ಟೆಸ್ಟರ್, ಸ್ಕ್ರೂ ಡ್ರೈವರ್ ಸೆಟ್ ತಗೋರಿ, ಮಾಸ್ಫೆಟ್ ಮತ್ತ ಸೆಲ್ ಬ್ಯಾಡ. 18650 ಅನ್ನೋ ಸೈಜಿನ ಲಿಥಿಯಂ ಸೆಲ್ಲಿನ ಮ್ಯಾಲ 9900 ಎಂಎಎಚ್ ಅಂತ ಬರ್ದಿದ್ರ ಅದು ನಗಾಡೋ ಮಾತು, ಆ ಸೈಜಿನ್ಯಾಗ ಒಳ್ಳೇ ಕಂಪನಿಗಳ ಸೆಲ್ಲೇ 3500ರ ಆಸುಪಾಸು ನಿಂತಾವ. ತೂಕ ಹಾಕ್ರಿ, ಅಸಲಿ ಸೆಲ್ 45ರಿಂದ 50 ಗ್ರಾಂ ಇರ್ತದ, 30 ಗ್ರಾಂ ಬಂದ್ರ ಒಳಗ ಏನು ತುಂಬ್ಯಾರೋ.

ಎರಡನೇ ತರದವು ಹವ್ಯಾಸದವರಿಗೆ, ಪ್ರಾಜೆಕ್ಟ್ ಮಾಡೋ ಹುಡುಗರಿಗೆ ಅಂತಾನೇ ಇರೋ ನಮ್ಮ ದೇಶದ ಕಾಂಪೊನೆಂಟ್ ಸೈಟ್‌ಗಳು, ಪುಣೆಯ ರೋಬು ತರದವು. ಸೆನ್ಸರ್, ಮಾಡ್ಯೂಲ್, ಬೋರ್ಡ್ ಇಂಥವಕ್ಕ ಚಲೋ, ಮೂರ್ನಾಕು ದಿನಕ್ಕ ಬರ್ತಾವ, ಜಿಎಸ್‌ಟಿ ಬಿಲ್ ಇರ್ತದ. ಪವರ್ ಪಾರ್ಟ್ (ಮಾಸ್ಫೆಟ್, ಔಟ್‌ಪುಟ್ ಟ್ರಾನ್ಸಿಸ್ಟರ್ ಇಂಥವು) ತಗೋಳ್ಳೋವಾಗ ಮಾತ್ರ ಪೇಜಿನ್ಯಾಗ ತಯಾರಕರ ಹೆಸರು ಬರ್ದಾರೋ ಇಲ್ಲೋ ನೋಡ್ರಿ. ಹೆಸರೇ ಇಲ್ದ ಬರೇ "ಐಆರ್‌ಎಫ್3205 ಮಾಸ್ಫೆಟ್ ಐದು ಪೀಸ್" ಅಂತಿದ್ರ ನಾನು ಮುಂದ ಹೋಗ್ತೀನಿ.

ಮೂರನೇದು ಅಧಿಕೃತ ಡಿಸ್ಟ್ರಿಬ್ಯೂಟರ್‌ಗಳು: ಮೌಸರ್, ಡಿಜಿಕೀ, ಎಲಿಮೆಂಟ್14, ಆರ್‌ಎಸ್. ಇವರು ಮಾಲನ್ನ ತಯಾರಕರ ಕಡಿಂದ ಸೀದಾ ತಗೋತಾರ, ನಡುವ ಯಾರೂ ಇಲ್ಲ. ನಂಬಿಕೆ ಬರ್ಲಿಲ್ಲಂದ್ರ ಇನ್ಫಿನಿಯನ್, ತೋಷಿಬಾ, ಎಸ್‌ಟಿ ಇಂಥ ಕಂಪನಿಗಳ ಸೈಟಿಗೇ ಹೋಗ್ರಿ, ಅಧಿಕೃತ ಮಾರಾಟಗಾರರ ಪಟ್ಟಿ ಅಲ್ಲೇ ಅದ. ಅಂದಹಾಂಗ ಐಆರ್‌ಎಫ್ ನಂಬರ್‌ಗಳ ಮೂಲ ಕಂಪನಿ ಇಂಟರ್‌ನ್ಯಾಷನಲ್ ರೆಕ್ಟಿಫಯರ್ 2015ರಾಗ ಇನ್ಫಿನಿಯನ್‌ನಾಗ ಸೇರ್ಕೊಂತು, ಅದಕ್ಕ ಹುಡುಕೋವಾಗ ಇನ್ಫಿನಿಯನ್ ಅಂತಾನೇ ಹುಡುಕ್ರಿ.

ಇವರ ಕಡೆ ತೊಂದ್ರಿ ಎರಡು. ರೇಟ್: ನಮ್ಮ ಊರಾಗ 20, 25 ರೂಪಾಯಿಗೆ ಸಿಗೋ ನಂಬರ್ ಅಲ್ಲಿ ಮೂರ್ನಾಕು ಪಟ್ಟು. ಮತ್ತ ಸಣ್ಣ ಆರ್ಡರ್‌ಗೆ ಕೊರಿಯರ್ ಖರ್ಚೇ ಮಾಲಿನ ರೇಟಿಗಿಂತ ಜಾಸ್ತಿ ಆಗ್ತದ. ಇದಕ್ಕ ನಾವು ಮಾಡ್ಕೊಂಡ ದಾರಿ: ರಾಯಚೂರು, ಮಾನ್ವಿ, ಲಿಂಗಸುಗೂರಿನ ನಾಕು ರಿಪೇರಿಯವರು ಸೇರಿ ಎರಡು ತಿಂಗಳಿಗೊಮ್ಮೆ ಒಂದೇ ಆರ್ಡರ್ ಹಾಕ್ತೀವಿ. ಒಬ್ಬರ ಜಿಎಸ್‌ಟಿ ನಂಬರ್, ನಾಕು ಮಂದಿ ರೊಕ್ಕ. ಮಾಸ್ಫೆಟ್ ಒಂದೇ ಲಾಟಿಂದು ಬರ್ತದ, ಅದು ಭಾಳ ಮುಖ್ಯ, ಯಾಕಂದ್ರ ಇನ್ವರ್ಟರ್‌ನಾಗ ನಾಕ್ನಾಕು ಪ್ಯಾರಲಲ್ ಇರ್ತಾವ, ಒಂದೊಂದು ಒಂದೊಂದು ಕಡಿಂದ ತಂದು ಹಾಕಿದ್ರ ಒಬ್ಬನೇ ಭಾರ ಹೊತ್ತು ಮೊದಲು ಸಾಯ್ತಾನ, ಅವನ ಹಿಂದ ಉಳಿದವ್ರು.

ಕೆಪಾಸಿಟರ್‌ನೂ ನಾನು ಈಗ ಇಲ್ಲೇ ತರಿಸ್ತೀನಿ. ನಮ್ಮ ಊರಿನ ಬಿಸಿಲು ಗೊತ್ತಲ್ಲ, ಮೇ ತಿಂಗಳದಾಗ ಹೊರಗೇ 42, ತಗಡಿನ ಶೆಡ್‌ನಾಗ ಇಟ್ಟ ಯುಪಿಎಸ್ ಒಳಗ ಎಷ್ಟಿರ್ಬೇಕು. ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ಆಯಸ್ಸು ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧ ಆಗ್ತದ. ಅದಕ್ಕ 85 ಡಿಗ್ರಿದು ಬ್ಯಾಡ, 105 ಡಿಗ್ರಿದು ತಗೋರಿ. ಆದ್ರ ಮಾರ್ಕೆಟ್‌ನಾಗ 105 ಅಂತ ಪ್ರಿಂಟ್ ಮಾಡಾಕ ಯಾರಿಗೂ ಖರ್ಚಿಲ್ಲ! ದೊಡ್ಡ ಡಬ್ಬ್ಯಾಗ ಸಣ್ಣ ಕೆಪಾಸಿಟರ್ ಇಟ್ಟು ಮುಚ್ಚಿದ್ದೂ ನೋಡೀನಿ. 4700 ಮೈಕ್ರೋಫ್ಯಾರಡ್ ಅಂತ ಬರ್ದಿದ್ದು ಟೆಸ್ಟರ್‌ನಾಗ 3760ಕ್ಕಿಂತ ಕೆಳಗ ಬಂದ್ರ ವಾಪಸ್ ಕೊಡ್ರಿ, ಸಾಮಾನ್ಯವಾಗಿ 20 ಪರ್ಸೆಂಟ್ ಆಚೀಚಿ ಅಷ್ಟೇ ಬಿಡ್ತಾರ.

ಚೈನಾದ ಎಲ್‌ಸಿಎಸ್‌ಸಿ ತರದ ದೊಡ್ಡ ಸೈಟ್‌ಗಳೂ ಅವ, ಅಲ್ಲಿ ಚೈನಾ ಕಂಪನಿಗಳ ಪಾರ್ಟ್ ಅವರವರ ಹೆಸರಿನ್ಯಾಗೇ ಸಿಗ್ತಾವ. ಅಗ್ಗ, ನಿಯತ್ತು ಎರಡೂ ಅದ. ಆದ್ರ ಕಸ್ಟಮ್ಸ್, ಕಾಗದಪತ್ರ, ಕಾಯೋದು, ನೂರಾರು ಪೀಸ್ ಬೇಕಾದವರಿಗೆ ಮಾತ್ರ.

ಗುಜರಿ

ಮಂದಿ ಮೂಗು ಮುರೀತಾರ, ನಂಗ ಇದು ಇಷ್ಟ. ಹಳೇ ಕಂಪನಿ ಯುಪಿಎಸ್, ಕಂಪ್ಯೂಟರ್ ಎಸ್‌ಎಂಪಿಎಸ್, ಕೆಟ್ಟ ಟಿವಿ ಕಾರ್ಡ್ ಗುಜರ್ಯಾಗ ತೂಕದ ಲೆಕ್ಕಕ್ಕ ಸಿಗ್ತಾವ. ಅದರೊಳಗಿನ ಮಾಸ್ಫೆಟ್, ಶಾಟ್ಕಿ ಡಯೋಡ್, ಫೆರೈಟ್ ಟ್ರಾನ್ಸ್‌ಫಾರ್ಮರ್, ಕಾಯಿಲ್, ಹೀಟ್ ಸಿಂಕ್ ಎಲ್ಲಾ ಕಂಪನಿಯವರೇ ಆರಿಸಿ ಹಾಕಿದ್ದು, ವರ್ಷಗಟ್ಟಲೆ ದುಡ್ದು ತೋರಿಸಿದ್ದು. ನಿಮ್ಮ ಕೈಲೇ ಬೋರ್ಡಿಂದ ಕಿತ್ತೀರಿ ಅಂದ್ರ ಹುಟ್ಟು ಗೊತ್ತು, ಹೊಸಾ ಸುಳ್ಳು 3205ಕ್ಕಿಂತ ಹಳೇ ಖರೆ 3205 ಎಷ್ಟೋ ಪಾಲು ಮೇಲು. ಆದ್ರ ಕೆಪಾಸಿಟರ್, ರಿಲೇ, ಫ್ಯಾನ್, ಆಪ್ಟೋಕಪ್ಲರ್, ಸೆಲ್ ಇವು ಬಳಸಿದಂಗ ಸವೀತಾವ, ಅವನ್ನ ಮುಟ್ಟಬ್ಯಾಡ್ರಿ. ಮತ್ತ ಗ್ರಾಹಕರಿಗೆ ಹೇಳೇ ಹಾಕ್ರಿ, ರೇಟೂ ಹಂಗೇ ತಗೋರಿ. ಹೇಳದ ಹಾಕಿದ್ರ ನಾವೂ ಆ ಬಣ್ಣ ಬಳಿಯೋರ ಸಾಲಿಗೇ ಸೇರ್ತೀವಿ.

ಕಂಪನಿ ಸರ್ವಿಸ್ ಸೆಂಟರ್ ಬಗ್ಗೆ ಭಾಳ ಹೇಳೋದಿಲ್ಲ. ಅಲ್ಲಿ ಪಾರ್ಟ್ ಕೊಡಂಗಿಲ್ಲ, ಇಡೀ ಕಾರ್ಡೇ ಬದಲಿ, ರೇಟ್ ಕೇಳಿದ್ರ ಹೊಸಾ ಸೆಟ್ ನೆನಪಾಗ್ತದ. ವಾರಂಟಿ ಇದ್ರ ಮಾತ್ರ ಅಲ್ಲೇ ಹೋಗ್ರಿ. ಮೊಬೈಲ್ ಬ್ಯಾಟರಿಗೂ ಅಲ್ಲೇ ಹೋಗೋದು ಚಲೋ. ಹೊರಗ ತಗೊಂಡ್ರ ಬ್ಯಾಟರಿ, ಚಾರ್ಜರ್ ಮ್ಯಾಲ ಐಎಸ್ ನಂಬರ್ ಜೊತಿ "ಆರ್" ಅಕ್ಷರದಿಂದ ಶುರು ಆಗೋ ರಿಜಿಸ್ಟ್ರೇಶನ್ ನಂಬರ್ ಇರ್ತದ, ಸರ್ಕಾರದ ಗುಣಮಟ್ಟ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಾಗ ಹಾಕಿ ನೋಡ್ರಿ. ಯಾವ ಕಂಪನಿ ಹೆಸರು ಬರ್ತದ ಅನ್ನೋದೇ ಕಥೆ ಹೇಳ್ತದ. ಬಿಡಿ ಐಸಿ, ಟ್ರಾನ್ಸಿಸ್ಟರ್‌ಗೆ ಈ ಅನುಕೂಲ ಇಲ್ಲ.

ಹಂಗಾದ್ರ ಯಾರು ಎಲ್ಲಿ?

ಕಾಲೇಜ್ ಪ್ರಾಜೆಕ್ಟ್ ಮಾಡೋ ಹುಡುಗರಿಗೆ ಹವ್ಯಾಸದ ಸೈಟು ಸಾಕು, ರೊಕ್ಕ ಉಳಿಬೇಕಂದ್ರ ಸಿಎಚ್340 ತರದ ತನ್ನ ಹೆಸರು ಹೇಳೋ ಅಗ್ಗದ ಬೋರ್ಡ್ ತಗೋರಿ. ಹೊಸದಾಗಿ ರಿಪೇರಿ ಅಂಗಡಿ ಹಾಕಿದವರು ಮೊದಲು ಟ್ರಾನ್ಸಿಸ್ಟರ್ ಟೆಸ್ಟರ್ ತಗೋರಿ, ಆಮ್ಯಾಲ ಊರಿನ ಅಂಗಡಿ ಮಾಲನ್ನೇ ಜರಡಿ ಹಿಡ್ದು ಹಾಕ್ರಿ, ಬಂಡವಾಳ ಕುದುರಿದ ಮ್ಯಾಲ ಪವರ್ ಪಾರ್ಟ್, ಕೆಪಾಸಿಟರ್ ಎರಡನ್ನ ಅಧಿಕೃತ ಕಡಿಂದ ಐವತ್ತರ ಲೆಕ್ಕದಾಗ ತರಿಸಿ ಇಟ್ಕೋರಿ. ಫ್ಯೂಸ್ ಮತ್ತ ಎಕ್ಸ್2, ವೈ ಕೆಪಾಸಿಟರ್ ಮಾತ್ರ ಮೊದಲ ದಿನದಿಂದಲೇ ಅಧಿಕೃತ, ಅದ್ರಾಗ ಬಜೆಟ್ ಮಾತೇ ಬ್ಯಾಡ, ಅಲ್ಲೂ ಅವು ಅಂಥ ತುಟ್ಟಿ ಏನಲ್ಲ. ರೈಸ್ ಮಿಲ್, ಜಿನ್ನಿಂಗ್ ಫ್ಯಾಕ್ಟರಿ ಪ್ಯಾನೆಲ್ ಕೆಲಸ ಮಾಡೋರು ಒಂದು ತಾಸು ಮಿಲ್ ನಿಂತ್ರ ಆಗೋ ನಷ್ಟ ಲೆಕ್ಕ ಹಾಕಿದ್ರ ಮೂರು ಪಟ್ಟು ರೇಟಿನ ಪಾರ್ಟೂ ಅಗ್ಗ ಕಾಣ್ತದ.

ಮನಿ ಸಾಮಾನು ರಿಪೇರಿಗೆ ಕೊಡೋ ಅಣ್ಣಗೋಳು, ಅಕ್ಕಗೋಳು ಒಂದೇ ಕೇಳ್ರಿ: "ಹಾಕೋ ಪಾರ್ಟ್ ಯಾವುದು, ಬಿಲ್ಲಿನ ಮ್ಯಾಲ ಬರೀತೀರಾ?" ಬರೀತೀನಿ ಅನ್ನೋವ್ರ ಕಡೆ ಕೊಡ್ರಿ. ಬಿಲ್ ಇದ್ರ ತಕರಾರು ಬಂದಾಗ ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಮಾಡಾಕ, ಜಿಲ್ಲಾ ಗ್ರಾಹಕರ ಆಯೋಗಕ್ಕ ಹೋಗಾಕ ದಾರಿ ಇರ್ತದ, 5 ಲಕ್ಷದ ಒಳಗಿನ ಮಾಲಿಗೆ ಅಲ್ಲಿ ಫೀಸೂ ಇಲ್ಲ.

ಸಿಂಧನೂರಿನ ತಮ್ಮಂಗ ಫೋನ್‌ನಾಗೇ ಬಲ್ಬ್ ಟೆಸ್ಟ್ ಹೇಳ್ಕೊಟ್ಟೆ. ಅವನ ಹತ್ರ ಅದೇ ಪ್ಯಾಕೆಟ್ಟಿನ ಎರಡು ಪೀಸ್ ಉಳ್ದಿದ್ವು, ಒಂದಕ್ಕ 88 ಬಂತು, ಇನ್ನೊಂದಕ್ಕ 91. ಈಗ ಅವ ಗ್ರಾಹಕರ ಹತ್ರ ಐದು ದಿನ ಟೈಮ್ ಕೇಳ್ಯಾನ, ನಮ್ಮ ಈ ತಿಂಗಳ ಆರ್ಡರ್‌ನಾಗ ಅವಂದೂ ಹತ್ತು ಪೀಸ್ ಸೇರಿಸೀವಿ. ಉಳ್ದ ಆ ಎರಡನ್ನ ಏನ್ ಮಾಡ್ಲಿ ಅಣ್ಣಾ ಅಂದ. ಕಾಲು ಕತ್ತರಿಸಿ ಒಗೀ ಅಂದೆ, ಡಬ್ಬ್ಯಾಗ ಇಟ್ರ ಆರು ತಿಂಗಳ ಮ್ಯಾಲ ಮರ್ತು ನೀನೇ ಯಾವುದಾದ್ರೂ ಇನ್ವರ್ಟರ್‌ನಾಗ ಹಾಕ್ತೀ.